ಗಾಲಿಕುರ್ಚಿ ಓಡಾಡಬೇಕು, ಹಕ್ಕಿ-ಚಿಟ್ಟೆಯೂ ಬರಬೇಕು: ಹಿತ್ತಲನ್ನು ಎಲ್ಲಿಂದ ಶುರು ಮಾಡುವುದು?

ಅಂಗಳದಾಚೆ:

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಜಾಗವನ್ನು ಮನೆಮಂದಿಯೆಲ್ಲ ಬಳಸುವಂಥ ತೋಟ ಮಾಡಬೇಕು. ಅಗಲ 9 ಮೀಟರ್, ಮನೆಯಿಂದ ಹಿಂದಿನ ಬೇಲಿವರೆಗೆ 12 ಮೀಟರ್. ನೆಲ ಮನೆಯಿಂದ ಬೇಲಿಯ ಕಡೆಗೆ ಒಟ್ಟು 45 ಸೆಂ.ಮೀ ಇಳಿಯುತ್ತದೆ. ಹಿಂಬಾಗಿಲು ಎಡ ಮೂಲೆಯಲ್ಲಿದೆ, ಹೊಸ್ತಿಲು ನೆಲಕ್ಕಿಂತ 30 ಸೆಂ.ಮೀ ಎತ್ತರ, ಸದ್ಯಕ್ಕೆ ಎರಡು ಮೆಟ್ಟಿಲು. ಅಲ್ಲಿರುವುದು ಹುಲ್ಲು, ಒಂದು ಹಳೆಯ ನಿಂಬೆ ಗಿಡ, ಹಿಂದಿನ ಬಲ ಮೂಲೆಯಲ್ಲಿ ಮಳೆನೀರು ನಿಲ್ಲುವ ತಗ್ಗು, ಇಷ್ಟೇ.

ಬಳಸುವವರು: ಗಾಲಿಕುರ್ಚಿಯಲ್ಲಿರುವ ಅಮ್ಮ (ಕೈಗಳಲ್ಲಿ ಬಲವಿದೆ, ಗಿಡದ ಕೆಲಸ ತಾವೇ ಮಾಡಬೇಕೆಂಬ ಆಸೆ), ಮಂಡಿನೋವಿನ ಅಪ್ಪ, 4 ಮತ್ತು 9 ವರ್ಷದ ಮಕ್ಕಳು. ಹಕ್ಕಿ, ಚಿಟ್ಟೆ, ಜೇನು ಬರುವ ಹಾಗೆ ಒಂದಿಷ್ಟು ಜಾಗ ಕಾಡಿನಂತೆಯೇ ಇರಲಿ ಅಂತ ಎಲ್ಲರಿಗೂ ಇದೆ. ಆದರೆ ಗಾಲಿಗೆ ಬೇಕಾದ ಗಟ್ಟಿ ನೆಲ, ಜೀವಿಗಳಿಗೆ ಬೇಕಾದ ಮೆತ್ತನೆ ಮಣ್ಣು ಎರಡೂ ಒಂದೇ ಕಡೆ ಹೊಂದುತ್ತವೆಯೇ? ರ‍್ಯಾಂಪ್ ಎಷ್ಟು ಉದ್ದ ಬೇಕು, ದಾರಿಗೆ ಏನು ಹಾಸಬೇಕು, ಮಡಿಗಳು ಎಷ್ಟೆತ್ತರ, ಕೆಲಸದ ಕ್ರಮ ಹೇಗೆ? ಗೊತ್ತಿರುವವರು ಅಳತೆ ಸಮೇತ ತಿಳಿಸಿ.

ರಸಮಟ್ಟ:

ಗಿಡದ ಮಾತು ಆಮೇಲೆ, ಮೊದಲು ಮಟ್ಟ. ದಾರಿ ಕೆಟ್ಟರೆ ಮಿಕ್ಕ ಯಾವುದೂ ಅಮ್ಮನ ಕೈಗೆ ಸಿಗುವುದಿಲ್ಲ. ಗಿಡ ಬೇರೂರಿದ ಮೇಲೆ ಅಗೆದು ಸರಿಮಾಡಲು ಹೊರಟರೆ ಗಿಡವೂ ಹೋಗುತ್ತದೆ.

ಬಾಗಿಲಿನಿಂದ ಶುರು ಮಾಡೋಣ. 30 ಸೆಂ.ಮೀ ಎತ್ತರಕ್ಕೆ 1:12 ಇಳಿಜಾರು (1 ಪಾಲು ಎತ್ತರಕ್ಕೆ 12 ಪಾಲು ಉದ್ದ) ಹಿಡಿದರೆ 3.6 ಮೀಟರ್ ರ‍್ಯಾಂಪ್ ಸಾಕು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ನೆಲ ಸಮವಾಗಿದ್ದರೆ ಮಾತ್ರ ಅದು ಸರಿ. ನಿಮ್ಮ ನೆಲ 12 ಮೀಟರಿಗೆ 45 ಸೆಂ.ಮೀ, ಅಂದರೆ ಸುಮಾರು 1:27 ಇಳಿಯುತ್ತಿದೆ. ಬಾಗಿಲಿನಿಂದ ನೇರ ಬೇಲಿಯ ಕಡೆಗೆ ರ‍್ಯಾಂಪ್ ಬಿಟ್ಟರೆ ಅದು ಇಳಿದ ಹಾಗೆಲ್ಲ ನೆಲವೂ ಇಳಿಯುತ್ತ ಹೋಗುತ್ತದೆ. ಬಾಗಿಲ ಮುಂದಿನ 1.5 ಮೀಟರ್ ಸಮತಟ್ಟು ಕಳೆದು ಇನ್ನೂ ಏಳೂಮುಕ್ಕಾಲು ಮೀಟರ್ ಹೋದ ಮೇಲೆಯೇ ಅದು ನೆಲ ಮುಟ್ಟುವುದು. ಹಿತ್ತಲು ಉದ್ದಕ್ಕೂ ಸೀಳಿಹೋಗುತ್ತದೆ.

ಬಾಗಿಲು ಎಡ ಮೂಲೆಯಲ್ಲಿರುವುದು ಅನುಕೂಲವೇ ಆಯಿತು. ಬಾಗಿಲ ಮುಂದೆ 1.5 × 1.5 ಮೀಟರ್ ಸಮತಟ್ಟು ಕಟ್ಟೆ, ಅಲ್ಲಿಂದ ಬಲಕ್ಕೆ ತಿರುಗಿ ಗೋಡೆಗೆ ಸಮಾನಾಂತರವಾಗಿ ರ‍್ಯಾಂಪ್. ಆ ದಿಕ್ಕಿನಲ್ಲಿ ನೆಲ ಇಳಿಯುವುದಿಲ್ಲ. 1:16 ಹಿಡಿದರೆ 4.8 ಮೀಟರ್, ಕೆಳಗೆ ಮತ್ತೆ 1.5 ಮೀಟರ್ ಸಮತಟ್ಟು, ಒಟ್ಟು 7.8 ಮೀಟರ್. ನಿಮ್ಮ 9 ಮೀಟರ್ ಅಗಲದಲ್ಲಿ ಕೂರುತ್ತದೆ. 1:12 ಅನ್ನುವುದು ಗರಿಷ್ಠ ಮಿತಿ, ಅಷ್ಟು ಕಡಿದಾಗಿ ಕಟ್ಟಲೇಬೇಕು ಅಂತಿಲ್ಲ. ಅಮ್ಮ ತಾವೇ ಕೈಯಲ್ಲಿ ಗಾಲಿ ತಳ್ಳಿಕೊಂಡು ಹತ್ತುವುದಾದರೆ 1:16ಕ್ಕೂ 1:12ಕ್ಕೂ ಇರುವ ವ್ಯತ್ಯಾಸ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ರ‍್ಯಾಂಪಿನ ಅಗಲ ಕೈಹಿಡಿಗಳ ನಡುವೆ 1.0ರಿಂದ 1.2 ಮೀಟರ್. ಕೈಹಿಡಿ ಎರಡೂ ಬದಿಗೆ, 86ರಿಂದ 96 ಸೆಂ.ಮೀ ಎತ್ತರದಲ್ಲಿ, ಮುಷ್ಟಿಗೆ ಸಿಗುವ ಹಾಗೆ 35–45 ಮಿ.ಮೀ ದಪ್ಪದ ದುಂಡು ಪೈಪ್. ಮೇಲೂ ಕೆಳಗೂ ರ‍್ಯಾಂಪ್ ಮುಗಿದ ಮೇಲೆ 30 ಸೆಂ.ಮೀ ಮುಂದಕ್ಕೆ ಚಾಚಿರಲಿ. ಮಕ್ಕಳಿಗಾಗಿ 65–70 ಸೆಂ.ಮೀಯಲ್ಲಿ ಇನ್ನೊಂದು ಸಾಲು. ತೆರೆದ ಅಂಚಿಗೆ 10 ಸೆಂ.ಮೀ ಎತ್ತರದ ಕಟ್ಟು ಬೇಕೇ ಬೇಕು, ಇಲ್ಲದಿದ್ದರೆ ಮುಂದಿನ ಸಣ್ಣ ಗಾಲಿ ಅಂಚಿನಿಂದ ಜಾರಿದಾಗ ಕುರ್ಚಿ ಮಗುಚುತ್ತದೆ. ಮೇಲ್ಮೈ ಕಾಂಕ್ರೀಟ್, ಗಟ್ಟಿಯಾಗುವ ಮೊದಲು ಪೊರಕೆಯಿಂದ ಅಡ್ಡಡ್ಡ ಗೀರು. ನುಣುಪು ಟೈಲ್ಸ್ ಹಾಕುವ ಯೋಚನೆಯನ್ನೇ ಬಿಡಿ.

ಗೋಡೆ ಪಕ್ಕದ ರ‍್ಯಾಂಪಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಮನೆಯ ಗೋಡೆಗೇ ಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಸುರಿದುಬಿಡುತ್ತಾರೆ. ಅಡಿಪಾಯದ ಮೇಲಿನ ತೇವ ತಡೆಯುವ ಪದರಕ್ಕಿಂತ ಮೇಲೆ ಮಣ್ಣು ತಾಗಿದರೆ ಒಳಗೋಡೆ ತೇವ ಹಿಡಿಯುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ರ‍್ಯಾಂಪಿಗೆ ಅದರದೇ ಎರಡು ಪಕ್ಕದ ಗೋಡೆ ಕಟ್ಟಿ, ಮನೆಗೋಡೆಯಿಂದ ಕನಿಷ್ಠ 7–8 ಸೆಂ.ಮೀ ಅಂತರ ಬಿಡಿ, ಕಸ ಬೀಳದಂತೆ ಮೇಲೆ ತೆಗೆಯಬಹುದಾದ ಜಾಲರಿ ಕೂರಿಸಿ. ಜಾಲರಿಯ ಕಿಂಡಿ 12 ಮಿ.ಮೀ ಮೀರಬಾರದು, ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ.

ಇನ್ನು ದಾರಿ. 1.2 ಮೀಟರ್ ಅಗಲ, ಮತ್ತೆ ಅದೇ ಜಾಗಕ್ಕೆ ಬಂದು ಸೇರುವ ಸುತ್ತುದಾರಿಯಾಗಿರಲಿ. ಕೊನೆಯಲ್ಲಿ ನಿಂತುಹೋಗುವ ದಾರಿಯಾದರೆ ತಿರುಗಿಸಲು 1.5 ಮೀಟರ್ ವ್ಯಾಸದ ಜಾಗ ಬೇಕು, ಸುತ್ತುದಾರಿಗೆ ಆ ಚಿಂತೆ ಇಲ್ಲ. ಇಳಿಜಾರಿನ ಗುಂಟ ಹೋಗುವಾಗ ನಿಮ್ಮ 1:27 ಸಾಕಷ್ಟು ಮೃದು, 1:20ರ ಒಳಗಿದೆ, ಏನೂ ಮಾಡಬೇಕಿಲ್ಲ. ತೊಂದರೆ ಇರುವುದು ಇಳಿಜಾರಿಗೆ ಅಡ್ಡ ಹೋಗುವ ಭಾಗದಲ್ಲಿ. ಅಲ್ಲಿ ದಾರಿಯ ಒಂದು ಅಂಚು ಇನ್ನೊಂದಕ್ಕಿಂತ ನಾಲ್ಕೂವರೆ ಸೆಂ.ಮೀ ಕೆಳಗಿರುತ್ತದೆ, ಕುರ್ಚಿ ಸದಾ ಆ ಕಡೆಗೇ ಎಳೆಯುತ್ತದೆ. ಅಡ್ಡ ಇಳಿಜಾರು 1:50 ಮೀರಬಾರದು, ಅಂದರೆ 1.2 ಮೀಟರಿಗೆ 24 ಮಿ.ಮೀ. ಮೇಲಿನ ಅಂಚನ್ನು ಒಂದೂಕಾಲು ಸೆಂ.ಮೀ ಕೆತ್ತಿ ಕೆಳ ಅಂಚನ್ನು ಒಂದೂಕಾಲು ಸೆಂ.ಮೀ ಏರಿಸಿದರೆ ಮುಗಿಯಿತು. ತೀರಾ ಸಮತಟ್ಟು ಮಾಡಿದರೆ ನೀರು ನಿಂತು ಪಾಚಿ ಕಟ್ಟುತ್ತದೆ, ಹಾಗಾಗಿ ಸೊನ್ನೆಯೂ ಬೇಡ.

ಸುತ್ತುದಾರಿ 22 ಮೀಟರ್ ಉದ್ದವಾಯಿತು ಅಂತಿಟ್ಟುಕೊಳ್ಳಿ, ಸುಮಾರು 26.4 ಚದರ ಮೀಟರ್. 15 ಸೆಂ.ಮೀ ಅಗೆದು, ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಡುವ, ಜಲ್ಲಿಗೆ ಮಣ್ಣು ಬೆರೆಯದಂತೆ ತಡೆಯುವ ಹಾಸು) ಹಾಸಿ, 10 ಸೆಂ.ಮೀ ಒಡೆದ ಜಲ್ಲಿ, ಮೇಲೆ 5 ಸೆಂ.ಮೀ ಕಲ್ಲುಪುಡಿ. ದಮ್ಮಸ್ಸಾದ ಮೇಲಿನ ಅಳತೆ ಇದು. ಸಡಿಲ ಸಾಮಗ್ರಿ ಕಾಲುಭಾಗ ಹೆಚ್ಚು ತರಿಸಬೇಕು: ಜಲ್ಲಿ 3.3 ಘನ ಮೀಟರ್, ಪುಡಿ 1.65 ಘನ ಮೀಟರ್. ಜಲ್ಲಿ ಒಂದೇ ಗಾತ್ರದ್ದಾಗಿದ್ದರೆ ಎಷ್ಟು ಬಡಿದರೂ ಕಚ್ಚಿಕೊಳ್ಳುವುದಿಲ್ಲ, ಪುಡಿಯಿಂದ 20 ಮಿ.ಮೀವರೆಗೆ ಎಲ್ಲ ಗಾತ್ರವೂ ಬೆರೆತಿರಬೇಕು. ನದಿಯ ದುಂಡುಕಲ್ಲು ಯಾವ ಕಾರಣಕ್ಕೂ ಬೇಡ, ಅದರಲ್ಲಿ ಗಾಲಿ ಹೂತುಹೋಗುತ್ತದೆ. 5–7 ಸೆಂ.ಮೀ ಪದರಗಳಾಗಿ ಹಾಕಿ, ಕೈಯಲ್ಲಿ ಹಿಸುಕಿದರೆ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿ, ಪ್ಲೇಟ್ ಕಂಪ್ಯಾಕ್ಟರ್‌ನಿಂದ ಬಡಿಯಿರಿ. ಎರಡೂ ಅಂಚಿಗೆ ಕಲ್ಲು ಅಥವಾ ಲೋಹದ ಪಟ್ಟಿ ಕೂರಿಸುವ ಕೆಲಸ ಬಡಿಯುವ ಮೊದಲೇ ಆಗಬೇಕು. ಅಂಚು ಹಿಡಿದಿಡದಿದ್ದರೆ ಒಂದೇ ಮಳೆಗಾಲದಲ್ಲಿ ದಾರಿ ಪಕ್ಕಕ್ಕೆ ಹರಡಿಕೊಳ್ಳುತ್ತದೆ.

ಕೆಮ್ಮಣ್ಣುಹಾದಿ:

ರಸಮಟ್ಟ ಅವರ ಲೆಕ್ಕ ಒಪ್ಪುತ್ತೇನೆ, ಆದರೆ ಪೂರ್ತಿ ದಾರಿಗೂ ಕಲ್ಲುಪುಡಿ ಬೇಡ. ಬಲ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅಂತ ಅವರೇ ಬರೆದಿದ್ದಾರೆ. ನೀರು ನಿಂತ ಕಡೆ ಕಲ್ಲುಪುಡಿ ಮೆತ್ತಗಾಗಿ ಗಾಲಿಯ ಗೆರೆ ಬೀಳುತ್ತದೆ, ಮುಂದಿನ ಸಲ ಅದೇ ಗೆರೆಯಲ್ಲಿ ನೀರು ಹರಿದು ಕೊರಕಲಾಗುತ್ತದೆ. ತಗ್ಗಿನಿಂದ 2 ಮೀಟರ್ ಒಳಗೆ ಬರುವ ಭಾಗಕ್ಕೆ, ರ‍್ಯಾಂಪಿನ ಬುಡಕ್ಕೆ, ನಲ್ಲಿಯ ಸುತ್ತ ಪೇವರ್ (ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಬಿಲ್ಲೆ) ಹಾಕಿ. ಅಂಚು ಕೆತ್ತದ, ಚೂಪು ಮೂಲೆಯ ಪೇವರ್ ಕೇಳಿ ಪಡೆಯಿರಿ. ಅಂಚು ಓರೆಯಾಗಿ ಕೆತ್ತಿದ್ದರೆ ಪ್ರತಿ ಸಂದಿಗೂ ಕುರ್ಚಿ ಕಟಕಟ ಅದುರುತ್ತದೆ, ಬೆನ್ನುನೋವಿರುವವರಿಗೆ ಅದು ಹಿಂಸೆ. ಕೆಳಗಿನ ಮರಳಿನ ಹಾಸು 25–30 ಮಿ.ಮೀ ಮಾತ್ರ. ತಳದ ಜಲ್ಲಿಯ ಏರುತಗ್ಗನ್ನು ಮರಳಿನಿಂದ ಮುಚ್ಚಿಹಾಕುವುದು ಕೆಲಸದವರ ಅಭ್ಯಾಸ, ಹಾಗಾದಲ್ಲೆಲ್ಲ ಪೇವರ್ ಕುಸಿಯುತ್ತದೆ. ಸಂದಿ 3–5 ಮಿ.ಮೀ, ಒಣ ಮರಳು ಗುಡಿಸಿ ತುಂಬಿಸಿ. ಒಂದಕ್ಕಿಂತ ಇನ್ನೊಂದು 6 ಮಿ.ಮೀಗಿಂತ ಮೇಲೆದ್ದಿದ್ದರೆ ಕಿತ್ತು ಮತ್ತೆ ಕೂರಿಸಿ. ಅಗಲ ಸಂದಿ ಬಿಟ್ಟು ನಡುವೆ ಹುಲ್ಲು ಬೆಳೆಸುವ ಚಪ್ಪಡಿ ದಾರಿ ಕಣ್ಣಿಗೆ ಚೆಂದ, ಗಾಲಿಗೂ ಊರುಗೋಲಿಗೂ ಅಲ್ಲ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ: ದಾರಿ ಹಾಕುವ ಮುನ್ನ ಅದರ ಕೆಳಗೆ 50 ಮಿ.ಮೀ ಪಿವಿಸಿ ಪೈಪನ್ನು ಮೂರು ನಾಲ್ಕು ಕಡೆ ಅಡ್ಡಲಾಗಿ ಹೂತಿಡಿ, ದಾರಿಯ ತಳಕ್ಕಿಂತ 15–20 ಸೆಂ.ಮೀ ಕೆಳಗೆ, ಎರಡೂ ತುದಿಗೆ ಮುಚ್ಚಳ ಹಾಕಿ. ಹನಿ ನೀರಾವರಿಯ ಕೊಳವೆ, ದೀಪದ ತಂತಿ ಎಲ್ಲ ಆಮೇಲೆ ಅದರೊಳಗೆ ತೂರಿಸಬಹುದು. ಇಲ್ಲದಿದ್ದರೆ ನೀರಿನ ಪೈಪು ಸದಾ ದಾರಿಗೆ ಅಡ್ಡ ಬಿದ್ದಿರುತ್ತದೆ, ಅಪ್ಪ ಎಡವುತ್ತಾರೆ, ಅಮ್ಮ ದಾಟಲಾರರು. ನಲ್ಲಿ 70–90 ಸೆಂ.ಮೀ ಎತ್ತರದಲ್ಲಿ, ತಿರುಪುವ ಬದಲು ಎಳೆಯುವ ಹಿಡಿ ಇರುವಂಥದ್ದು.

ಮಡಿಮಣ್ಣು:

ಮಡಿಗಳ ಬಗ್ಗೆ ಹೇಳುತ್ತೇನೆ. ಎಲ್ಲರಿಗೂ ಒಂದೇ ಎತ್ತರ ಅಂತ ಮಾಡಿದರೆ ಯಾರಿಗೂ ಹೊಂದುವುದಿಲ್ಲ. ಅಮ್ಮನಿಗೆ ಒಂದು, ಅಪ್ಪನಿಗೆ ಒಂದು, ಮಕ್ಕಳಿಗೆ ಒಂದು.

ಅಮ್ಮನಿಗೆ ಎರಡು ಬಗೆ ಸಾಧ್ಯ. ಕುರ್ಚಿಯನ್ನು ಪಕ್ಕಕ್ಕೆ ನಿಲ್ಲಿಸಿ ಬದಿಗೆ ಬಾಗಿ ಕೆಲಸ ಮಾಡುವ ಮಡಿ 60 ಸೆಂ.ಮೀ ಎತ್ತರ. ಕೂತಲ್ಲಿಂದ ಬದಿಗೆ ಆರಾಮವಾಗಿ ಎಟಕುವುದು 50 ಸೆಂ.ಮೀ, ಹೆಚ್ಚೆಂದರೆ 60. ಆದ್ದರಿಂದ ಎರಡೂ ಕಡೆ ದಾರಿಯಿದ್ದರೆ ಅಗಲ 1 ಮೀಟರ್, ಒಂದೇ ಕಡೆಯಾದರೆ 50 ಸೆಂ.ಮೀ. ಆದರೆ ಸೊಂಟ ತಿರುಗಿಸಿಕೊಂಡು ಅರ್ಧ ಗಂಟೆ ಕೆಲಸ ಮಾಡಿದರೆ ಬೆನ್ನು ಹಿಡಿಯುತ್ತದೆ. ಆ ಕಾರಣಕ್ಕೆ ಬೀಜ ಬಿತ್ತುವುದು, ಸಸಿ ಕೀಳುವುದು ಮುಂತಾದ ನಿಧಾನದ ಕೆಲಸಕ್ಕೆ ಮೇಜಿನಂಥ ಮಡಿ ಬೇರೆಯೇ ಬೇಕು, ಮಂಡಿ ಅದರ ಕೆಳಗೆ ಹೋಗುವಂಥದ್ದು. ಕೆಳಗೆ 70 ಸೆಂ.ಮೀ ಖಾಲಿ ಎತ್ತರ, 80 ಸೆಂ.ಮೀ ಅಗಲ, 50 ಸೆಂ.ಮೀ ಒಳಗೆ ಹೋಗುವ ಜಾಗ. ಕಷ್ಟ ಬರುವುದು ಇಲ್ಲೇ: ಕೆಳಗೆ 70 ಬಿಟ್ಟು ಮೇಲೆ 25 ಸೆಂ.ಮೀ ಮಣ್ಣು ತುಂಬಿದರೆ ಅಂಚು ಎದೆಮಟ್ಟಕ್ಕೆ ಬಂದು ತೋಳು ಎತ್ತಿಯೇ ಕೆಲಸ ಮಾಡಬೇಕಾಗುತ್ತದೆ. ತೊಟ್ಟಿಯ ತಳವನ್ನು ಓರೆಯಾಗಿಸಿ, ಮುಂದೆ 12–15 ಸೆಂ.ಮೀ, ಹಿಂದೆ 30 ಸೆಂ.ಮೀ ಆಳ. ಮುಂದಿನ ಅಂಚು 85 ಸೆಂ.ಮೀ ದಾಟಬಾರದು. ಮುಂದೆ ಸೊಪ್ಪು, ಹಿಂದೆ ಆಳ ಬೇರಿನವು. 1.2 × 0.6 ಮೀಟರ್ ತೊಟ್ಟಿಯಲ್ಲಿ ಒದ್ದೆ ಮಣ್ಣು ಸುಮಾರು 200 ಕಿಲೋ ತೂಗುತ್ತದೆ, ಕಾಲುಗಳು ಅದಕ್ಕೆ ತಕ್ಕ ಹಾಗಿರಲಿ. ಆಳ ಕಡಿಮೆಯಿರುವುದರಿಂದ ಬಿಸಿಲಲ್ಲಿ ಬೇಗ ಒಣಗುತ್ತದೆ, ಹನಿ ನೀರಾವರಿ ಮೊದಲು ಎಳೆಯಬೇಕಾದ್ದು ಈ ತೊಟ್ಟಿಗೆ.

ಅಪ್ಪನಿಗೆ 45 ಸೆಂ.ಮೀ ಎತ್ತರದ ಮಡಿ, ಅಂಚಿನ ಮೇಲೆ 25 ಸೆಂ.ಮೀ ಅಗಲದ ಕಲ್ಲು ಅಥವಾ ಹಲಗೆ. ಅದರ ಮೇಲೆ ಕೂತೇ ಕಳೆ ಕೀಳಬಹುದು, ಮಂಡಿ ಊರುವ ಪ್ರಮೇಯವೇ ಇಲ್ಲ. ಮಕ್ಕಳಿಗೆ 30 ಸೆಂ.ಮೀ ಎತ್ತರ, 60 ಸೆಂ.ಮೀ ಅಗಲ, ಎರಡೂ ಕಡೆಯಿಂದ ಕೈ ಹೋಗುವಂತೆ.

ಮರದ ಹಲಗೆಯಲ್ಲಿ ಕಟ್ಟುವುದಾದರೆ ಡಾಂಬರೆಣ್ಣೆ ಕುಡಿದ ಹಳೆಯ ರೈಲು ಸ್ಲೀಪರ್ ಬೇಡ, ಆರ್ಸೆನಿಕ್ ಬೆರೆತ ಔಷಧಿ ಹಾಕಿದ ಮರವೂ ಬೇಡ. ಸ್ಲೀಪರಿನ ಎಣ್ಣೆ ಬಿಸಿಲಿಗೆ ಒಸರುತ್ತದೆ, ಮಕ್ಕಳು ಅದರ ಮೇಲೆ ಕೂರುತ್ತಾರೆ. ಇಟ್ಟಿಗೆ, ಕಲ್ಲು, ಕಲಾಯಿ ತಗಡು ಎಲ್ಲ ಆಗುತ್ತದೆ. 2.4 × 1 ಮೀಟರ್, 60 ಸೆಂ.ಮೀ ಎತ್ತರದ ಮಡಿಗೆ 1.44 ಘನ ಮೀಟರ್ ಮಣ್ಣು, ಒದ್ದೆಯಾದಾಗ ಎರಡು ಟನ್ನಿಗೂ ಮೇಲೆ. ಹಲಗೆ ಅಥವಾ ತಗಡಾದರೆ ನಡುವೆ ಉಬ್ಬುವುದು ಖಂಡಿತ. ಪ್ರತಿ 1.2 ಮೀಟರಿಗೆ ಎದುರುಬದುರು ಗೋಡೆಗಳನ್ನು ಹಿಡಿಯುವ ಉಕ್ಕಿನ ಸರಳು ಹಾಕಿ, ಮಧ್ಯಎತ್ತರಕ್ಕಿಂತ ಸ್ವಲ್ಪ ಮೇಲೆ.

ತುಂಬುವುದು: 5 ಪಾಲು ಮೇಲ್ಮಣ್ಣು, 3 ಪಾಲು ಚೆನ್ನಾಗಿ ಕಳಿತ ಗೊಬ್ಬರ, 2 ಪಾಲು ದಪ್ಪ ಮರಳು. ಬರೀ ಗೊಬ್ಬರ ತುಂಬಿದರೆ ವರ್ಷದೊಳಗೆ ಮಡಿ ಅರ್ಧಕ್ಕಿಳಿಯುತ್ತದೆ. ಈ ಮಿಶ್ರಣವೂ ಹತ್ತರಲ್ಲಿ ಒಂದೆರಡು ಪಾಲು ಕೂರುತ್ತದೆ, ಆದ್ದರಿಂದ ಅಂಚಿನವರೆಗೆ ತುಂಬಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅನ್ನುವ ಮಾತು ಎಲ್ಲೆಡೆ ಕೇಳುತ್ತೀರಿ. ಆಗುವುದು ಅದರ ತದ್ವಿರುದ್ಧ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದಿಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೆಯೇ ಇಳಿಯುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಏರಿ ಬರುತ್ತದೆ ಅಷ್ಟೆ. ಮಡಿಯ ತಳ ತೆರೆದಿರಲಿ, ಕೆಳಗಿನ ನೆಲವನ್ನು ಒಂದು ಗುದ್ದಲಿ ಆಳ ಸಡಿಲಿಸಿ ಮೇಲೆ ಮಣ್ಣು ಸುರಿಯಿರಿ. ಎರೆಹುಳು ತಾವೇ ಹತ್ತಿ ಬರುತ್ತವೆ.

ದುಂಬಿದಾರಿ:

ಗಟ್ಟಿ ನೆಲ, ಮೆತ್ತನೆ ಮಣ್ಣು ಹೊಂದುತ್ತವೆಯೇ ಅಂತ ಕೇಳಿದ್ದೀರಿ. ಹೊಂದುತ್ತವೆ. ನಿಮ್ಮ 108 ಚದರ ಮೀಟರಲ್ಲಿ ದಾರಿಗೆ ಹೋಗುವುದು ಕಾಲುಭಾಗ. ದಾರಿಯ ಪಕ್ಕ 60 ಸೆಂ.ಮೀ ಪಟ್ಟಿಯಲ್ಲಿ ಮಂಡಿಗಿಂತ ಕೆಳಗಿನ, ಮುಳ್ಳಿಲ್ಲದ ಗಿಡ. ಅದರಾಚೆ ಬೇಲಿಯ ಗುಂಟ ಒಂದೂವರೆಯಿಂದ ಎರಡು ಮೀಟರ್ ಆಳದ ಪೊದೆಸಾಲು, ಅದರ ನಡುವೆ ಒಂದೋ ಎರಡೋ ಸಣ್ಣ ಮರ. ಪೊದೆಸಾಲು ಮಧ್ಯೆ ಮಧ್ಯೆ ಕಡಿದುಹೋಗದೆ ಒಂದೇ ಸಮ ಇರಲಿ. ಬಿಡಿ ಬಿಡಿಯಾಗಿ ನೆಟ್ಟ ಹತ್ತು ಗಿಡಕ್ಕಿಂತ ಒತ್ತಾಗಿ ಬೆಳೆದ ಐದು ಗಿಡದಲ್ಲಿ ಹಕ್ಕಿ ಗೂಡು ಕಟ್ಟುವ ಸಂಭವ ಹೆಚ್ಚು.

ಚಿಟ್ಟೆ ಬೇಕೆಂದರೆ ಹೂವಿನ ಗಿಡ ನೆಡುತ್ತಾರೆ. ಹೂವು ಬೆಳೆದ ಚಿಟ್ಟೆಯ ಊಟ ಮಾತ್ರ, ಮರಿಹುಳುವಿಗೆ ಬೇಕಾದ್ದು ಅದರ ಜಾತಿಗೆ ಒಗ್ಗಿದ ಗಿಡದ ಎಲೆ. ನಿಮ್ಮ ನಿಂಬೆ ಗಿಡವನ್ನು ಕಡಿಯಬೇಡಿ, ನಿಂಬೆ ಕುಟುಂಬದ ಎಲೆಯ ಮೇಲೆ ಬಾಲದ ಚಿಟ್ಟೆಗಳ ಹಲವು ಜಾತಿ ಮೊಟ್ಟೆಯಿಡುತ್ತವೆ. ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಸಣ್ಣ ಹುಳು ಕಂಡರೆ ಅದು ರೋಗವಲ್ಲ, ಚಿಟ್ಟೆಯ ಮರಿ. ಬಲಿತ ಗಿಡ ಅಷ್ಟು ಎಲೆ ಕಳೆದುಕೊಂಡರೆ ಏನೂ ಆಗದು. ಎಕ್ಕದ ಕುಟುಂಬದ ಗಿಡಗಳ ಮೇಲೆ ಹುಲಿಪಟ್ಟೆಯ ಚಿಟ್ಟೆಗಳು ಬೆಳೆಯುತ್ತವೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಪಾರದರ್ಶಕ ಪಟಲಕ್ಕೆ ಹಾನಿ, ಶುರುವಿನಲ್ಲಿ ನೋವೂ ಇರದೇ ದೃಷ್ಟಿ ಮಂಜಾಗಬಹುದು. 4 ವರ್ಷದ ಮಗುವಿರುವ ಮನೆಯಲ್ಲಿ ಅದು ಬೇಲಿಯ ಹಿಂಬದಿಗೆ, ಮಗುವಿನ ಕೈಗೆ ಸಿಗದ ಕಡೆಗೆ ಹೋಗಲಿ, ಇಲ್ಲವೇ ಮಕ್ಕಳು ದೊಡ್ಡವರಾಗುವ ತನಕ ಬೇಡ. ಕಣಗಿಲೆ, ಉಮ್ಮತ್ತಿ, ಹರಳು, ಗುಲಗಂಜಿ ಇವಂತೂ ಈ ಹಿತ್ತಲಿಗೆ ಬೇಡವೇ ಬೇಡ. ಗುಲಗಂಜಿಯ ಕೆಂಪು ಬೀಜ ಮಕ್ಕಳನ್ನು ಸೆಳೆಯುತ್ತದೆ, ಅಗಿದರೆ ಪ್ರಾಣಕ್ಕೇ ಅಪಾಯ. ಲಂಟಾನಕ್ಕೆ ಚಿಟ್ಟೆ ಬರುತ್ತದೆ ನಿಜ, ಆದರೆ ಅದರ ಕಾಯಿ ವಿಷ, ಹಕ್ಕಿಗಳ ಮೂಲಕ ಹಬ್ಬಿ ಸುತ್ತಲಿನ ಜಾಗವನ್ನೆಲ್ಲ ನುಂಗುತ್ತದೆ.

ಜೇನು ಅಂದರೆ ಗೂಡು ಕಟ್ಟಿ ಗುಂಪಾಗಿರುವುದು ಮಾತ್ರ ಅಲ್ಲ. ಜೇನಿನ ಜಾತಿಗಳಲ್ಲಿ ಹೆಚ್ಚಿನವು ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಬದುಕುತ್ತವೆ. ಇಡೀ ತೋಟಕ್ಕೆ ದಪ್ಪ ತರಗೆಲೆ ಹೊದಿಸಿದರೆ ಅವಕ್ಕೆ ಜಾಗವೇ ಉಳಿಯದು. ಬಿಸಿಲು ಬೀಳುವ, ನೀರು ನಿಲ್ಲದ ಒಂದೆರಡು ಚದರ ಮೀಟರ್ ನೆಲವನ್ನು ಬರಿದಾಗಿ ಬಿಡಿ, ಅಗೆಯಬೇಡಿ. ಮಕ್ಕಳ ಜೊತೆ ಮಾಡಬಹುದಾದ ಕೆಲಸ ಒಂದಿದೆ: ಒಣ ಮರದ ದಿಮ್ಮಿಗೆ 3ರಿಂದ 10 ಮಿ.ಮೀ ವ್ಯಾಸದ, 10–15 ಸೆಂ.ಮೀ ಆಳದ ತೂತು ಕೊರೆಯುವುದು. ತೂತು ಆಚೆ ಕಡೆಗೆ ತೂರಿ ಹೋಗಬಾರದು, ಬಾಯಿ ನುಣುಪಾಗಿರಬೇಕು, ಸಿಬಿರಿದ್ದರೆ ಜೇನಿನ ರೆಕ್ಕೆ ಹರಿಯುತ್ತದೆ. ಮಳೆ ತಾಗದಂತೆ, ಎದೆಯೆತ್ತರದಲ್ಲಿ, ಅಲುಗಾಡದ ಹಾಗೆ ಬಿಗಿಯಿರಿ. ದೊಡ್ಡ ಗಾತ್ರದ ಅಲಂಕಾರದ ‘ಕೀಟಗಳ ಹೋಟೆಲ್’ ಕೊಳ್ಳಬೇಡಿ. ಒಂದೇ ಕಡೆ ನೂರಾರು ತೂತಿದ್ದರೆ ಪರಾವಲಂಬಿ ಕಣಜಗಳೂ ನುಸಿಯೂ ಸೇರಿಕೊಳ್ಳುತ್ತವೆ. ಸಣ್ಣ ಸಣ್ಣ ದಿಮ್ಮಿ ನಾಲ್ಕು ಕಡೆ ಇಟ್ಟು, ಒಂದೆರಡು ವರ್ಷಕ್ಕೊಮ್ಮೆ ಹಳತನ್ನು ಬದಲಿಸುವುದು ಒಳ್ಳೆಯದು.

ಸಸಿ ತರುವಾಗ ಬೇರಿಗೆ ಕೀಟನಾಶಕ ಉಣಿಸಿದ್ದಾರೆಯೇ ಅಂತ ನರ್ಸರಿಯಲ್ಲಿ ಕೇಳಿ. ನಿಯೋನಿಕೋಟಿನಾಯ್ಡ್ ಬಗೆಯವು ಗಿಡದೊಳಗೇ ಹರಿದು ಮಕರಂದ, ಪರಾಗಕ್ಕೂ ಬರುತ್ತವೆ, ಎಲೆ ತೊಳೆದರೆ ಹೋಗುವುದಿಲ್ಲ. ರಾತ್ರಿ ದೀಪ ದಾರಿಗೆ ಬೇಕು, ಸರಿ. 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆಯ ಹಳದಿ ಬೆಳಕು, ಕೆಳಮುಖವಾಗಿ, ಜನ ಬಂದಾಗ ಮಾತ್ರ ಉರಿಯುವಂತೆ ಸೆನ್ಸರ್ ಹಾಕಿ. ಪೊದೆಯೊಳಗೆ ಬೆಳಕು ಬೀಳದಿರಲಿ.

ಅಂಗಳದಾಚೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ರ‍್ಯಾಂಪನ್ನು ಗೋಡೆಯ ಗುಂಟವೇ ಮಾಡುತ್ತೇವೆ. ಇನ್ನೆರಡು ಪ್ರಶ್ನೆ. ನೀರು ನಿಲ್ಲುವ ಮೂಲೆಯನ್ನೇ ಕೊಳ ಮಾಡಿದರೆ ಹೇಗೆ? ಸಣ್ಣ ಮಗುವಿದೆ, ಸೊಳ್ಳೆಯ ಭಯವೂ ಇದೆ. ಇನ್ನೊಂದು, ಪೊದೆ, ದಿಮ್ಮಿ ಅಂದ ಕೂಡಲೇ ಮನೆಯಲ್ಲಿ ಹಾವಿನ ಮಾತು ಬಂದಿದೆ.

ನೀರೊರತೆ:

ತಗ್ಗಿನಲ್ಲಿ ಕೊಳ ಬೇಡ. ಹಿತ್ತಲಿನ ಗೊಬ್ಬರದ ನೀರೆಲ್ಲ ಅಲ್ಲಿಗೇ ಇಳಿದು ಪಾಚಿ ಕಟ್ಟುತ್ತದೆ, ಮಳೆಯಲ್ಲಿ ನೆಲದೊಳಗಿನ ನೀರು ಮೇಲೆ ಬಂದಾಗ ಕೊಳದ ಹಾಳೆ ಕೆಳಗಿನಿಂದ ಉಬ್ಬಿ ತೇಲುತ್ತದೆ. ಆ ಮೂಲೆಗೆ ಹೇಳಿ ಮಾಡಿಸಿದ್ದು ಮಳೆಮಡಿ, ಅಂದರೆ ಮಳೆನೀರು ಬಂದು ಒಂದೆರಡು ದಿನದಲ್ಲಿ ಇಂಗಿಹೋಗುವ ತಗ್ಗು ಮಡಿ. ಮೊದಲು ಪರೀಕ್ಷೆ ಮಾಡಿ. 30 ಸೆಂ.ಮೀ ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಎರಡನೇ ಸಲ ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆಯಿರಿ. ಮೊದಲ ಸಲದ ಅಳತೆ ನಂಬಬೇಡಿ, ಒಣಮಣ್ಣು ಸುಮ್ಮನೆ ಕುಡಿದುಬಿಡುತ್ತದೆ. ಗಂಟೆಗೆ 25 ಮಿ.ಮೀ ಇಳಿದರೆ ಚೆನ್ನಾಗಿದೆ, 10ರ ಹತ್ತಿರವಿದ್ದರೂ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ 50–60 ಸೆಂ.ಮೀ ಅಗೆದು ದಪ್ಪ ಮರಳು, ಗೊಬ್ಬರ ಬೆರೆಸಿ ತುಂಬಬೇಕು. 50 ಚದರ ಮೀಟರ್ ಸೂರಿನಿಂದ 20 ಮಿ.ಮೀ ಮಳೆಗೆ 1000 ಲೀಟರ್ ಬರುತ್ತದೆ. 3 × 2 ಮೀಟರ್, 15 ಸೆಂ.ಮೀ ಆಳದ ತಗ್ಗು 900 ಲೀಟರ್ ಹಿಡಿಯುತ್ತದೆ, ಸುರಿಯುವಾಗಲೇ ಒಂದಿಷ್ಟು ಇಂಗುವುದರಿಂದ ಸಾಕು. ಅದಕ್ಕಿಂತ ದೊಡ್ಡ ಮಳೆಗೆ ತುಂಬಿ ಹರಿಯುವ ದಾರಿಯನ್ನು ಮನೆಗೆ ವಿರುದ್ಧ ದಿಕ್ಕಿಗೆ ಕಲ್ಲು ಹಾಸಿ ಬಿಡಿ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಬೆಚ್ಚನೆ ನೀರಿನಲ್ಲೂ ಸುಮಾರು ಒಂದು ವಾರ ಬೇಕು. ಎರಡು ದಿನದಲ್ಲಿ ಇಂಗುವ ನೀರಿನಲ್ಲಿ ಅದು ಆಗುವುದಿಲ್ಲ.

ಕೊಳ ಬೇಕೇಬೇಕು ಅಂದರೆ ಅಡುಗೆಮನೆಯಿಂದಲೋ ಕೂರುವ ಜಾಗದಿಂದಲೋ ಕಾಣುವ ಕಡೆ ಸಣ್ಣದೊಂದು ಮಾಡಿ. 2 × 1.5 ಮೀಟರ್, ನಡುವೆ 50 ಸೆಂ.ಮೀ ಆಳ. ಹಾಳೆಯ ಲೆಕ್ಕ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಮೇಲೆ ಅಂಚಿಗೆ 60 ಸೆಂ.ಮೀ ಸೇರಿಸಿ. ಅಂದರೆ 3.6 × 3.1 ಮೀಟರ್. ಒಂದು ಬದಿ 1:3ಕ್ಕಿಂತ ಮೃದುವಾಗಿ ಇಳಿಯಲಿ. ಕಪ್ಪೆಮರಿ, ಅಳಿಲು, ಬಿದ್ದ ಹಕ್ಕಿ ಎಲ್ಲಕ್ಕೂ ಹತ್ತಿ ಬರಲು ಅದೇ ದಾರಿ. ಒಳಗೆ ತೋಟದ ಮಣ್ಣು ಹಾಕಬೇಡಿ, ತೊಳೆದ ಮರಳು ಸಾಕು. ಮೀನು ಬೇಡ, ಮೀನು ಸೊಳ್ಳೆಮರಿಯನ್ನು ತಿನ್ನುವ ಹಾಗೆ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ನೆಲೆಯೂರಿದರೆ ಸೊಳ್ಳೆಮರಿಯನ್ನು ಅವೇ ನೋಡಿಕೊಳ್ಳುತ್ತವೆ. ಅಲ್ಲಿಯ ತನಕ ಬಿಟಿಐ ಅನ್ನುವ ಬ್ಯಾಕ್ಟೀರಿಯಾದ ಬಿಲ್ಲೆ ಹಾಕಬಹುದು, ಅದು ಸೊಳ್ಳೆಯಂಥ ಹುಳುಗಳ ಮರಿಯನ್ನು ಕೊಲ್ಲುತ್ತದೆ, ಕಪ್ಪೆಗೆ ತೊಂದರೆ ಮಾಡದು.

ಮಗುವಿನ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ, 5 ಸೆಂ.ಮೀ ನೀರಿನಲ್ಲೂ ಸಣ್ಣ ಮಗು ಮುಳುಗಬಹುದು. ಬೇಲಿ ಹಾಕಿ ಗೇಟಿನ ಚಿಲಕ ಮೇಲಿಟ್ಟರೆ ಮಗುವಿಗೆ ಎಟಕುವುದಿಲ್ಲ, ಆದರೆ ಕುರ್ಚಿಯಲ್ಲಿ ಕೂತ ಅಮ್ಮನಿಗೂ ಎಟಕುವುದಿಲ್ಲ. ನಿಮ್ಮ ಮನೆಗೆ ಹೊಂದುವುದು ಉಕ್ಕಿನ ಜಾಲರಿ. ನೀರಿನ ಮಟ್ಟಕ್ಕಿಂತ ಒಂದೆರಡು ಸೆಂ.ಮೀ ಮೇಲೆ, ದೊಡ್ಡವರು ನಿಂತರೂ ಬಾಗದಷ್ಟು ಗಟ್ಟಿ, ಕಿಂಡಿ 5 ಸೆಂ.ಮೀ ಒಳಗೆ, ಅಂಚಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಪ್ಲಾಸ್ಟಿಕ್ ಬಲೆ ತೂಕಕ್ಕೆ ಜಗ್ಗುತ್ತದೆ, ಅದನ್ನು ನಂಬಿ ಕೂರಬೇಡಿ. ಜಾಲರಿ ಹಾಕಿದರೂ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ. ಇಷ್ಟೆಲ್ಲ ಆಗದೆಂದರೆ ಎರಡು ವರ್ಷ ಬರೀ ಹಕ್ಕಿಯ ಬೋಗುಣಿ ಸಾಕು: 3–5 ಸೆಂ.ಮೀ ಆಳ, ಒರಟು ತಳ, ಮಗುವಿನ ಕೈಗೆ ಸಿಗದ ಕಂಬದ ಮೇಲೆ, ಎರಡು ದಿನಕ್ಕೊಮ್ಮೆ ಉಜ್ಜಿ ನೀರು ಬದಲಿಸುವುದು. ಪೊದೆಯಿಂದ 2 ಮೀಟರ್ ದೂರವಿರಲಿ, ಬೆಕ್ಕು ಹೊಂಚು ಹಾಕುವುದು ಪೊದೆಯಿಂದಲೇ.

ದುಂಬಿದಾರಿ:

ಹಾವಿನ ಬಗ್ಗೆ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು, ಉಳಿಯುವುದು ಸಂದಿ ಸಿಕ್ಕಿದರೆ. ಹಾಗಾಗಿ ಹಕ್ಕಿಗೆ ಕಾಳು ಚೆಲ್ಲುವ ತಟ್ಟೆ ಇಡಬೇಡಿ, ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ. ಹಣ್ಣು, ಬೀಜ ಬಿಡುವ ಗಿಡವನ್ನೇ ಬೆಳೆಸಿದರೆ ಹಕ್ಕಿಯ ಊಟ ಗಿಡದ ಮೇಲೆಯೇ ಮುಗಿಯುತ್ತದೆ. ಕೊಳೆಯುವ ದಿಮ್ಮಿಯ ರಾಶಿ ಹಿಂದಿನ ಬೇಲಿಯ ಹತ್ತಿರ ಮಾತ್ರ, ದಾರಿಯಿಂದಲೂ ಆಟದ ಜಾಗದಿಂದಲೂ ಕನಿಷ್ಠ 3 ಮೀಟರ್ ದೂರ. ಆ ರಾಶಿಗೆ ಬರಿಗೈ ಹಾಕಬಾರದು ಅಂತ ಮಕ್ಕಳಿಗೆ ಮೊದಲ ದಿನದಿಂದಲೇ ಹೇಳಿ. ಪೊದೆಸಾಲಿನ ಮುಂದಿನ ಗಿಡಗಳ ಕೆಳಗಿನ ರೆಂಬೆಗಳನ್ನು ನೆಲದಿಂದ 30 ಸೆಂ.ಮೀವರೆಗೆ ಸವರಿದರೆ ಬುಡ ಕಣ್ಣಿಗೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ರಸಮಟ್ಟ ಅವರು ಹೇಳಿದ ರ‍್ಯಾಂಪಿನ ಸಂದಿ: ಎರಡೂ ತುದಿಯನ್ನು 6 ಮಿ.ಮೀ ಕಿಂಡಿಯ ಜಾಲರಿಯಿಂದ ಮುಚ್ಚಿ. ಬಾಗಿಲ ಪಕ್ಕ ತಂಪಾದ ಕತ್ತಲೆ ಸಂದಿ ಬಿಟ್ಟರೆ ಹಾವು ಮಾತ್ರವಲ್ಲ, ಇಲಿಯೂ ಬರುತ್ತದೆ. ಹಾವು ಕಂಡರೆ ದೂರದಿಂದ ಕಣ್ಣಿಟ್ಟು, ತಿಳಿದವರನ್ನು ಕರೆಸಿ. ಹೊಡೆಯಲು ಹೋದಾಗಲೇ ಕಡಿತವಾಗುವುದು ಹೆಚ್ಚು.

ರಸಮಟ್ಟ:

ಸಂದಿಯ ತುದಿ ಮುಚ್ಚುವ ಮಾತು ಸರಿ, ಅಲ್ಲಿಂದ ನೀರು ಹೊರಹರಿಯಲು ಅಡ್ಡಿಯಾಗದಂತೆ ಜಾಲರಿಯನ್ನು ವರ್ಷಕ್ಕೆರಡು ಸಲ ತೆಗೆದು ತೊಳೆಯಿರಿ.

ಕೆಲಸದ ಕ್ರಮ ಕೇಳಿದ್ದಿರಿ. ಮೊದಲು ಗೂಟ ನೆಟ್ಟು, ದಾರ ಕಟ್ಟಿ, ನೀರು ತುಂಬಿದ ಪಾರದರ್ಶಕ ಕೊಳವೆಯ ಟ್ಯೂಬ್ ಲೆವೆಲ್‌ನಿಂದ ಮಟ್ಟ ಗುರುತಿಸಿ. ಆ ದಾರದ ಗುಂಟ ಕುರ್ಚಿಯನ್ನು ಒಮ್ಮೆ ಓಡಿಸಿ ನೋಡಿ, ತಿರುವು ಇಕ್ಕಟ್ಟೆನಿಸಿದರೆ ಆಗಲೇ ಅಗಲಿಸಿ. ನಂತರ ಮಳೆಮಡಿ ಅಗೆಯಿರಿ, ಅಲ್ಲಿ ಬಂದ ಮಣ್ಣು ದಾರಿಯ ಕೆಳ ಅಂಚು ಏರಿಸಲು ಬೇಕಾಗುತ್ತದೆ. ಆಮೇಲೆ ಅಡ್ಡ ಪೈಪುಗಳು, ರ‍್ಯಾಂಪ್, ದಾರಿ, ಮಡಿ, ಕೊನೆಗೆ ಗಿಡ. ಸಾಮಾನು ಹೊತ್ತ ಗಾಡಿ ನಾಳೆ ಗಿಡ ನೆಡುವ ಜಾಗದ ಮೇಲೆ ಓಡಾಡಬಾರದು, ಒಮ್ಮೆ ತುಳಿದು ಗಟ್ಟಿಯಾದ ಮಣ್ಣು ಸಡಿಲವಾಗಲು ವರ್ಷಗಳೇ ಬೇಕು. ಹಲಗೆ ಹಾಸಿ ಒಂದೇ ದಾರಿಯಲ್ಲಿ ಸಾಗಿಸಿ. ಸುತ್ತುದಾರಿಯ ಅರ್ಧದಲ್ಲಿ ಬೆಂಚು ಇಡಲು ಜಾಗ ಬಿಟ್ಟುಕೊಳ್ಳಿ. ಕೂರುವ ಹಲಗೆ 45 ಸೆಂ.ಮೀ ಎತ್ತರ, ಎರಡೂ ಕಡೆ ತೋಳಾಸರೆ (ಮಂಡಿನೋವಿನವರು ಏಳುವುದು ಅದನ್ನೊತ್ತಿಯೇ), ಪಕ್ಕದಲ್ಲಿ ದಾರಿಯಿಂದ ಹೊರಗೆ 90 ಸೆಂ.ಮೀ ಅಗಲದ ಗಟ್ಟಿ ನೆಲ. ಅಪ್ಪ ಬೆಂಚಿನಲ್ಲಿ ಕೂತಾಗ ಅಮ್ಮನ ಕುರ್ಚಿ ಅವರ ಪಕ್ಕದಲ್ಲೇ ನಿಲ್ಲಬೇಕು, ದಾರಿಯ ನಡುವೆ ಅಲ್ಲ.